ಇಂಜಿನಿಯರ್ ಹೇಳದ ಮಾತು

ಸೌದಿಯ ಹಾಯಿಲ್ ಪಟ್ಟಣದ ಹತ್ತಿರದ ಆಲೂಗಡ್ಡೆ ಫಾರ್ಮಿನಲ್ಲಿ ಉಗ್ರಾಣ ಗುಡಿಸುವಾಗ ಇವತ್ತು ಹಳದಿ ಪುಡಿಯ ಚೀಲವೊಂದು ಒಡೆಯಿತು. ಗಿಡದ ರೋಗಕ್ಕೆ ಹೊಡೆಯುವ ಔಷಧಿ. ಮೂಗಿಗೆ ಬಟ್ಟೆ ಕಟ್ಟಿದ್ದರೂ ಆ ವಾಸನೆ ನನ್ನನ್ನು ಹಾಸನದ ಪಕ್ಕದ ನಮ್ಮ ಹೊಲಕ್ಕೆ ಎಳೆದೊಯ್ದು ಅಕ್ಕನ ಎದುರು ನಿಲ್ಲಿಸಿತು. ಅಲ್ಲಿ ನಿಲ್ಲುವ ಮುಖ ನನಗಿಲ್ಲ, ಯಾಕೆಂದು ಹೇಳುತ್ತೇನೆ.

ನಾನು ಓದಿದ್ದು ಏಳನೇ ಕ್ಲಾಸು. ಇಲ್ಲಿ ನನ್ನ ಕೆಲಸ ಗೆಡ್ಡೆ ಆರಿಸಿ ಮೂಟೆ ತುಂಬುವುದು. ಊರಲ್ಲಿ ಮಾತ್ರ ನಾನು ಸೌದಿಯ ಆಲೂಗಡ್ಡೆ ತಜ್ಞ. ಆ ಪದವಿ ಕೊಟ್ಟವರು ಊರವರು; ಬೇಡವೆನ್ನದೆ ಇಟ್ಟುಕೊಂಡವನು ನಾನು.

ನಮ್ಮೂರಲ್ಲಿ ಗಿಡಗಳಿಗೆ ಮಾಡುವ ವೈದ್ಯ ನೋಡಬೇಕು ನೀವು. ಎಲೆ ಮುದುಡಿದರೂ, ಹುಳ ತಿಂದರೂ ಔಷಧಿ ಅಂಗಡಿಯವನು ಕೊಡುವುದು ಖರ್ಚಾಗದೆ ಉಳಿದ ಬಾಟಲಿಯನ್ನೇ. ದೊಡ್ಡಪ್ಪನ ಮಗ ಮೂರು ಔಷಧಿಗಳನ್ನು ಒಂದೇ ಡ್ರಮ್ಮಿಗೆ ಸುರಿದು, "ಯಾವ್ದಾದ್ರೂ ಒಂದು ಕೇಳ್ತದೆ ಬಿಡು" ಎನ್ನುತ್ತಿದ್ದ. ಉಳಿದವರು ಅವನು ಹೊಡೆದ ದಿನ ತಾವೂ ಹೊಡೆಯುತ್ತಿದ್ದರು. ಮೋಡ ನೋಡಿ ಹೊಡೆಸುವವಳು ಅಕ್ಕ ಒಬ್ಬಳೇ.

ಹೋದ ವರ್ಷ ಜಿಟಿಜಿಟಿ ಮಳೆ ಹಿಡಿದಾಗ ಅವಳೇ ಫೋನ್ ಮಾಡಿದಳು.

"ನಾಲ್ಕು ದಿನದಿಂದ ಬಿಸಿಲಿಲ್ಲ ಕಣೋ. ಅಂಗಮಾರಿ ರೋಗ ಬರೋ ಹಂಗೈತೆ. ಈಗ್ಲೇ ಔಷಧಿ ಹೊಡಿಸ್ಲಾ? ನಿಮ್ಮ ಇಂಜಿನಿಯರ್‌ನ ಕೇಳಿ ಹೇಳು."

ಇಂಜಿನಿಯರ್ ಎಂದರೆ ಇಲ್ಲಿ ಬೆಳೆ ನೋಡಿಕೊಳ್ಳುವ ಈಜಿಪ್ಟಿನವರು. ಐದು ವರ್ಷಗಳಲ್ಲಿ ಅವರು ನನ್ನೊಡನೆ ಆಡಿದ್ದು "ಯಲ್ಲಾ", ಅಂದರೆ ಬೇಗ ನಡಿ, ಎಂಬ ಒಂದೇ ಮಾತು. ಅವರ ಕೋಣೆ ನೂರು ಹೆಜ್ಜೆ ದೂರ. ನನ್ನ ಹರಕು ಅರಬ್ಬಿಗೆ ನಕ್ಕಾರೆಂಬ ನಾಚಿಕೆಯಿಂದ ಅಷ್ಟೂ ನಡೆಯಲಿಲ್ಲ. ಅರ್ಧ ಗಂಟೆ ಬಿಟ್ಟು, ಕೇಳಿ ಬಂದವನಂತೆ ಫೋನ್ ಮಾಡಿದೆ.

"ಮಚ್ಚೆ ಕಂಡ ಮೇಲೆ ಹೊಡೆದ್ರೆ ಸಾಕಂತೆ. ಇಂಜಿನಿಯರ್ ಹೇಳಿದ್ರು."

ಮಳೆಯೇ ಅಪರೂಪವಾದ ಈ ಮರಳಿನಲ್ಲಿ ನಾನು ಕಂಡಿದ್ದ ಕ್ರಮ ಅದು. ಹಾಸನದ ಮೋಡಕ್ಕೆ ಅದು ಗೊತ್ತಿರಲಿಲ್ಲ. ಅಕ್ಕ ಕಾದಳು. ಮಚ್ಚೆ ಕಂಡ ನಾಲ್ಕನೇ ದಿನ ಎರಡು ಎಕರೆ ಬೆಳೆ ಬಿಸಿನೀರು ಎರಚಿದಂತೆ ಕಪ್ಪಾಗಿ ಮಲಗಿತು. ಮೊದಲೇ ಹೊಡೆದಿದ್ದ ಮೂರು ಔಷಧಿಯವನ ಹೊಲ ಹಸಿರಾಗಿತ್ತು. ತಜ್ಞನಿಗೆ ಇನ್ನೆಂಥ ಮರ್ಯಾದೆ ಬೇಕು?

ಕೇಳಿದವರಿಗೆಲ್ಲ ಅಕ್ಕ, "ತಮ್ಮ ಸರಿಯಾಗೇ ಹೇಳಿದ್ದ, ನಾನೇ ತಡ ಮಾಡ್ದೆ" ಎಂದಳಂತೆ. ಅದು ಕಿವಿಗೆ ಬಿದ್ದ ಮೇಲೂ ನಾನು ಬಾಯಿ ಬಿಡಲಿಲ್ಲ. ಊರಿಗೂ ಹೋಗಲಿಲ್ಲ, ಮಾಲೀಕ ಕಫೀಲ್ ರಜೆ ಕೊಡಲಿಲ್ಲವೆಂದು ಇನ್ನೊಂದು ಸುಳ್ಳು ಹೇಳಿದೆ. ಆ ಮನುಷ್ಯ ಪಾಪ, ಹೋಗಿ ಬಾ ಎಂದೇ ಅಂದಿದ್ದ.

ಇವತ್ತು ಉಗ್ರಾಣದಿಂದ ಹೊರಬಂದವನೇ ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾ, ಹೋದ ವರ್ಷ ಇಂಜಿನಿಯರ್ ಏನೂ ಹೇಳಿರ್ಲಿಲ್ಲ. ನಾನು ಕೇಳ್ಲೇ ಇಲ್ಲ."

"ಗೊತ್ತು ಬಿಡೋ. ಬೆಳೆ ಹೋದ್ಮೇಲೆ ಕೂತು ಯೋಚ್ನೆ ಮಾಡ್ದೆ. ಗಿಡಕ್ಕೆ ಎಷ್ಟು ದಿನ ಆಯ್ತು ಅಂತ್ಲೂ ಕೇಳದೋನು ಎಂಥ ಇಂಜಿನಿಯರು?"

"ಮತ್ತೆ ಊರವ್ರ ಮುಂದೆ ತಪ್ಪು ನಿಂದೇ ಅಂತ ಯಾಕಂದೆ?"

"ನೀನು ಊರಿಗೆ ಬರ್ಬೇಕಲ್ಲೋ."

ಈ ಸಲ ಯಾರನ್ನೂ ಕೇಳದೆ ಆಗಲೇ ಎರಡು ಬಾರಿ ಔಷಧಿ ಹೊಡೆಸಿದ್ದಾಳಂತೆ. ತಜ್ಞ ತಮ್ಮನಿಂದ ಅವಳಿಗೆ ಬೇಕಿದ್ದುದು ರಜೆಯ ತಾರೀಖು ಮಾತ್ರ.