ಅಂಗಳದಲ್ಲಿ ಕೇಳಿದ ಕೆಮ್ಮು

ಇಂಥ ಮಾತನ್ನು ಬೇರೆಯವರು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಹೇಳಿದವರ ಎದುರೇ ನಕ್ಕದ್ದೂ ಉಂಟು. ನೀವು ನಂಬಲೇಬೇಕೆಂಬ ಒತ್ತಾಯವಿಲ್ಲ. ನಡೆದದ್ದನ್ನಷ್ಟೇ ಬರೆಯುತ್ತೇನೆ.

ನಮ್ಮದು ತಂಬ್ರಹಳ್ಳಿ. ನಮ್ಮ ಮನೆಯ ಗಂಡಸರು ಹೊಲದಿಂದ ಬಂದರೆ ಅಂಗಳದಲ್ಲೇ ಒಮ್ಮೆ ಕೆಮ್ಮುತ್ತಾರೆ, ಒಳಗಿದ್ದವರು ಕಾಲಿಗೆ ನೀರು ತರಲಿ ಎಂದು. ನನ್ನ ಯಜಮಾನರದು ಎರಡು ಸಣ್ಣ ಕೆಮ್ಮು, ಆಮೇಲೊಂದು ದೊಡ್ಡದು. ಸಂತೆಯಲ್ಲಿ ಕೇಳಿದರೂ ಗುರುತು ಹಿಡಿಯುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಹುಣಸೆ ಬಡಿಯಲು ಮರ ಹತ್ತಿದ್ದ ಅವರು ಕೊಂಬೆ ಮುರಿದು ಬಿದ್ದರು. ಕುತ್ತಿಗೆಯಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲು ಸ್ವಾಧೀನ ತಪ್ಪಿದವು. ದೊಡ್ಡ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮಾತು ಮೆಲ್ಲಗೆ ಬರುತ್ತಿತ್ತು. ಕೆಮ್ಮು ಮಾತ್ರ ಇರಲಿಲ್ಲ. ಅದು ಒಳ್ಳೆಯದೆಂದೇ ನಾವು ತಿಳಿದೆವು. "ನೆಗಡಿ ಇಲ್ಲ, ಕೆಮ್ಮಿಲ್ಲ. ನನ್ನ ಮಗನ ಎದಿ ಗಟ್ಟಿ ಐತಿ" ಎಂದು ಅತ್ತೆ ನೋಡಲು ಬಂದವರಿಗೆಲ್ಲ ಹೇಳುತ್ತಿದ್ದರು.

ಒಂದು ಮಧ್ಯಾಹ್ನ ಅವರು ಪಡಸಾಲೆಯ ಮಂಚದಲ್ಲಿ ಮಲಗಿದ್ದರು. ನಾನೂ ಅತ್ತೆಯೂ ಹಿತ್ತಲಲ್ಲಿ ಶೇಂಗಾ ಸುಲಿಯುತ್ತಿದ್ದೆವು. ಅಂಗಳದಲ್ಲಿ ಕೆಮ್ಮು ಕೇಳಿಸಿತು. ಎರಡು ಸಣ್ಣದು, ಒಂದು ದೊಡ್ಡದು.

"ಬಂದಾನ ನೋಡವ್ವಾ, ಕಾಲಿಗೆ ನೀರು ಕೊಡು" ಎಂದರು ಅತ್ತೆ.

ಹಳೆಯ ರೂಢಿ. ಚೊಂಬು ತುಂಬಿಕೊಂಡು ಅವರ ಮಂಚದ ಪಕ್ಕದಲ್ಲೇ ಹಾದು ಬಾಗಿಲಿಗೆ ಹೋದೆ. ಅಂಗಳದಲ್ಲಿ ಯಾರೂ ಇರಲಿಲ್ಲ. ಕೆಮ್ಮಬೇಕಾದವರು ಮಂಚದ ಮೇಲಿದ್ದಾರೆಂಬುದು ಆಗ ನೆನಪಾಯಿತು. ತಿರುಗಿ ನೋಡಿದೆ. ಅವರ ತುಟಿ ನೀಲಿಗಟ್ಟಿತ್ತು, ಎದೆಯೊಳಗೆ ನೀರು ಕುದಿಯುವಂಥ ಸಪ್ಪಳ. ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು, ಕೂಗಲು ಉಸಿರಿರಲಿಲ್ಲ.

ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಯಲ್ಲಿ ಕೊಳವೆ ಹಾಕಿ ಕಫ, ನೀರು ತೆಗೆದರು. "ಬೆನ್ನುಹುರಿಗೆ ಪೆಟ್ಟಾದ್ರ ಎದಿ, ಹೊಟ್ಟಿ ಸ್ನಾಯು ಸೋಲ್ತಾವ್ರಿ. ಕೆಮ್ಮಾಕ ಆಗಂಗಿಲ್ಲ. ಹೊರಗ ಬರಬೇಕಾದ್ದು ಒಳಗ ತುಂಬತೈತಿ. ಇನ್ನೊಂಚೂರು ತಡ ಆಗಿದ್ರ ಉಳೀತಿರಲಿಲ್ಲ" ಎಂದರು ವೈದ್ಯೆ. ಯಜಮಾನರ ಕೆಮ್ಮು ಕೇಳಿಯೇ ಎದ್ದು ಬಂದೆನೆಂದು ಹೇಳಿದೆ. ಆಕೆ, "ಅವರು ಕೆಮ್ಮಿರಾಕ ಸಾಧ್ಯನ ಇಲ್ರಿ" ಎಂದರು.

ಆ ಹೊತ್ತಿಗೆ ಬೀದಿಯಲ್ಲಿ ಯಾರಾದರೂ ಹಾದುಹೋದರೇ ಎಂದು ನೆರೆಯವರನ್ನೆಲ್ಲ ಕೇಳಿದೆ. ಯಾರೂ ನೋಡಿಲ್ಲ. ಅತ್ತೆಗೂ ಕೇಳಿಸಿದ್ದರಿಂದ ನನ್ನ ಭ್ರಮೆ ಎನ್ನಲೂ ಬಾರದು. ಯಜಮಾನರಿಗೆ ಮಾತ್ರ ತಮಾಷೆ: "ನನ್ನ ಕೆಮ್ಮು ಯಾರೋ ಕದ್ದಿದ್ರಲೇ. ಅವತ್ತು ತಿರುಗಿ ಕೊಡಾಕ ಬಂದಿದ್ರು, ನೀನು ಮಾತಾಡಸ್ಲಿಲ್ಲ."

ಈಗ ಕಫ ಕಟ್ಟಿದಾಗ, ಆಸ್ಪತ್ರೆಯಲ್ಲಿ ಕಲಿಸಿಕೊಟ್ಟಂತೆ, ಅವರ ಹೊಟ್ಟೆಯ ಮೇಲೆ ಅಂಗೈ ಒತ್ತಿ ನಾನೇ ಕೆಮ್ಮಿಸುತ್ತೇನೆ. ಸಣ್ಣದೊಂದು ಕೆಮ್ಮು ಬರುತ್ತದೆ. ಅಷ್ಟು ಸಾಕು.

ಅಂದು ಅಂಗಳಕ್ಕೆ ಬಂದದ್ದು ಯಾರು, ನನಗೆ ಇವತ್ತಿಗೂ ತಿಳಿಯದು. ಚೊಂಬನ್ನು ಹೊಸ್ತಿಲಲ್ಲೇ ಕೈಬಿಟ್ಟು ಒಳಗೆ ಓಡಿದ್ದೆ. ಬಂದವರ ಕಾಲಿಗೆ ನೀರು ಕೊಡಲಿಲ್ಲ. ಈಗ ದಿನವೂ ಮಧ್ಯಾಹ್ನ ಅಂಗಳದಲ್ಲಿ ಒಂದು ಚೊಂಬು ನೀರು ಇಡುತ್ತೇನೆ.