ಅಕ್ಕ ಪೂರ್ತಿ ನೋಡಿರದ ಸಿನಿಮಾ

ಹೋದ ವರ್ಷ ಅಕ್ಕ ಕಣ್ಣಿನ ಆಪರೇಷನ್‌ಗೆಂದು ಲಕ್ಷ್ಮೇಶ್ವರದಿಂದ ಬಂದು ಬೆಟಗೇರಿಯ ನಮ್ಮ ಮನೆಯಲ್ಲಿದ್ದಳು. ಇನ್ನು ಟಿವಿ ನೋಡಬಹುದು ಎಂದು ಡಾಕ್ಟರು ಹೇಳಿದ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಅವಳು ಮದುವೆಯಾದ ಹೊಸತರಲ್ಲಿ ಮೆಚ್ಚಿದ್ದ ಸಿನಿಮಾ ಯಾವುದೋ ಚಾನೆಲ್ಲಿನಲ್ಲಿ ಬಂತು. ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಮಗಳನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

ಕಥೆ ಶ್ರೀಮಂತರ ಹುಡುಗಿಯದು. ತಾನೇ ಕಾರು ಓಡಿಸುತ್ತಾಳೆ, ಅಪ್ಪನ ಮಿಲ್ಲು ನೋಡಿಕೊಳ್ಳುತ್ತಾಳೆ, ಯಾರಿಗೂ ಹೆದರುವುದಿಲ್ಲ. ಅವಳು ಬಂದಾಗಲೆಲ್ಲ ಅಕ್ಕನ ಮುಖ ಅರಳುತ್ತಿತ್ತು.

ಮಗಳು ನಕ್ಕಳು. "ದೊಡ್ಡವ್ವ, ಇಂಥಾ ಸಿನಿಮಾ ಭಾಳ ನೋಡೀನಿ. ಕಡೀಕ ಹೀರೋ ಆಕಿ ಕಪಾಳಕ್ಕ ಹೊಡೀತಾನ. ಆಕಿ ಅವನ ಕಾಲಿಗೆ ಬೀಳ್ತಾಳ."

"ಸುಮ್ಮನಿರು. ನಮ್ಮ ಕಾಲದ್ದೆಲ್ಲಾ ನಿಮಗ ತಪ್ಪಾಗೇ ಕಾಣ್ತೈತಿ. ಈಕಿ ಅಂಥಾಕಿ ಅಲ್ಲ," ಎಂದಳು ಅಕ್ಕ.

ನಾನೂ ಆ ಸಿನಿಮಾ ನೋಡಿದ್ದೆ. ಮಗಳು ಹೇಳಿದಂತೆಯೇ ಇತ್ತು ಎಂಬ ನೆನಪು. ಆದರೆ ಅಕ್ಕನ ಮಾತಿನ ಖಾತ್ರಿ ಕಂಡು ನನ್ನ ನೆನಪೇ ತಪ್ಪಿರಬೇಕು ಅಂದುಕೊಂಡೆ.

ತಪ್ಪಿರಲಿಲ್ಲ. ಹೊಡೆತ ಬಿತ್ತು. ಹುಡುಗಿ ಕೆನ್ನೆ ಮುಟ್ಟಿಕೊಂಡು ನಾಚಿದಳು. ಮದುವೆಯಾಯಿತು. ಮಿಲ್ಲಿನ ಕುರ್ಚಿಯಲ್ಲಿ ಅವನು ಕೂತ, ಅವಳು ಊಟದ ಡಬ್ಬಿ ತಂದುಕೊಟ್ಟಳು. ಸಿನಿಮಾ ಮುಗಿಯಿತು.

"ಈ ಕಡೀ ಭಾಗ ನಾ ನೋಡೇ ಇಲ್ಲ," ಎಂದಳು ಅಕ್ಕ. "ಎರಡು ಮೂರು ಸಲ ಹೋಗಿದ್ದೆ. ನಿಮ್ಮ ದೊಡ್ಡಪ್ಪ ಅಂಗಡಿಯಿಂದ ಚಹಾಕ್ಕ ಬರೋ ಹೊತ್ತಾಕ್ಕಿತ್ತು. ಇಂಟರ್ವಲ್ ಆದ ಮ್ಯಾಲೆ ಸ್ವಲ್ಪ ನೋಡಿ ಎದ್ದು ಓಡಿ ಬರ್ತಿದ್ದೆ. ಮುಂದ ಆಕಿ ಇನ್ನೂ ದೊಡ್ಡ ಮಿಲ್ಲು ಕಟ್ಟತಾಳ ಅಂತ ನಾನೇ ತಿಳ್ಕೊಂಡಿದ್ದೆ."

ಮಗಳು ಗೆದ್ದವಳಂತೆ ಬೀಗಲಿಲ್ಲ. ಟಿವಿ ಆರಿಸಿ, "ಅಲ್ಲೀತನಕ ಖರೇನೇ ಚಂದ ಐತಿ, ದೊಡ್ಡವ್ವ," ಎಂದಳು.

"ಹೊಡಿಸ್ಕೊಂಡಾಕಿ ಯಾಕ ನಾಚ್ಕೊಂಡಳು?" ಅಕ್ಕ ಕೇಳಿದಳು.

ದೀಪಾವಳಿ ಕಳೆದ ಮೇಲೆ ನಾನು ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಅಕ್ಕನ ಪಕ್ಕದ ಮನೆಯಲ್ಲಿ ಬ್ಲೌಸು ಹೊಲಿಯುವ ಮುಸ್ಲಿಂ ಗೆಳತಿಯೊಬ್ಬಳಿದ್ದಾಳೆ. ಆಗ ಸಿನಿಮಾಕ್ಕೆ ಇಬ್ಬರೂ ಜೊತೆಯಾಗಿ ಹೋಗುತ್ತಿದ್ದರಂತೆ. ಚಹಾ ಕುಡಿಯುತ್ತ ಅಕ್ಕ ಅವಳಿಗೆ ಕೊನೆಯ ಭಾಗದ ಕಥೆ ಹೇಳಿದಳು.

ಅವಳು ಕಪ್ಪು ಕೆಳಗಿಟ್ಟಳು. "ನನಗ ಗೊತ್ತಿತ್ತು ಅಕ್ಕಾ. ತವರಮನಿಗೆ ಹೋದಾಗ ಶಿರಹಟ್ಟಿಯೊಳಗ ಪೂರಾ ನೋಡಿದ್ದೆ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ನೀವು ಆಕಿ ಬಗ್ಗೆ ಎಷ್ಟು ಖುಷೀಲೆ ಮಾತಾಡ್ತಿದ್ರಿ! ನಿಮ್ಮ ಮಾರಿ ನೋಡಿ ಹೇಳಾಕ ಮನಸ್ಸಾಗಲಿಲ್ಲ."

ಅಕ್ಕ ಅವಳನ್ನೇ ನೋಡುತ್ತ ಕೂತಳು. ಬೇಸರವಾಯಿತೇನೋ ಎಂದು ನನಗೆ ಅನಿಸಿತು. ಆದರೆ ಅವಳು ಯೋಚಿಸುತ್ತಿದ್ದಳು.

"ಹೇಳದಿದ್ದದ್ದು ಛಲೋ ಆತು," ಎಂದಳು ನಿಧಾನವಾಗಿ. "ಆಗ ಹೇಳಿದ್ದರ, ಸೊಕ್ಕಿನ ಹುಡುಗಿಗೆ ತಕ್ಕ ಶಾಸ್ತಿ ಆತು ಅಂತ ನಾನೂ ಅಂತಿದ್ನೇನೋ."