ಕರೆಯದೆ ಹೋದ ಸೋಮವಾರ

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಆ ಕಟ್ಟಡದ ಬಾಗಿಲುಗಳೆಲ್ಲ ಒಂದೊಂದಾಗಿ ತೆರೆದುಕೊಂಡವು. ಪ್ರೊಫೆಸರರಿಂದ ಹಿಡಿದು ಪ್ರಯೋಗಾಲಯದ ಗಾಜು ತೊಳೆಯುವವರವರೆಗೆ ಎಲ್ಲರೂ ತಮ್ಮ ತಮ್ಮ ಲೋಟ ಹಿಡಿದು ನನ್ನ ಕೋಣೆಯ ಮುಂದೆಯೇ ಸಾಗಿದರು. ನನ್ನ ಕಡೆ ನೋಡಿ ನಕ್ಕರು. ಒಬ್ಬರಾದರೂ ‘ಬಾ’ ಅನ್ನಬೇಕಲ್ಲ, ಊಹೂಂ. ಆಚೆ ಕೋಣೆಯಿಂದ ಕಾಫಿಯ ವಾಸನೆ ಬರುತ್ತಿತ್ತು. ನಾನು ಕುರ್ಚಿಯಲ್ಲಿ ಗಟ್ಟಿಯಾಗಿ ಕೂತೆ.

ತೊಂಬತ್ತರ ದಶಕದ ಕೊನೆ ಅದು. ಧಾರವಾಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ನಾನು ಒಂದು ಚಳಿಗಾಲದ ಮಟ್ಟಿಗೆ ಸ್ವೀಡನ್ನಿನ ವಿಶ್ವವಿದ್ಯಾಲಯವೊಂದಕ್ಕೆ ಅತಿಥಿ ಸಂಶೋಧಕಿಯಾಗಿ ಹೋಗಿದ್ದೆ. ನಮ್ಮ ಕಡೆಯ ಗುಡ್ನಾಪುರದ ಕೆರೆಯ ತಳದಿಂದ ತೆಗೆದ ಕೆಸರನ್ನು ಸಣ್ಣ ಸಣ್ಣ ನಳಿಕೆಗಳಲ್ಲಿ ತುಂಬಿ ಒಯ್ದಿದ್ದೆ. ಕೆಸರಿನಲ್ಲಿ ಹಳೆಯ ಮರಗಳ ಪರಾಗ ಉಳಿದಿರುತ್ತದೆ. ಅದನ್ನು ಗುರುತಿಸಿದರೆ ಕದಂಬರ ಕಾಲದಲ್ಲಿ ಆ ಕೆರೆಯ ಸುತ್ತ ಎಂಥ ಕಾಡಿತ್ತೆಂದು ಹೇಳಬಹುದು. ಅದಕ್ಕೆ ಬೇಕಾದ ಸೂಕ್ಷ್ಮದರ್ಶಕ ಅಲ್ಲಿತ್ತು, ಕಲಿಸುವವರೂ ಇದ್ದರು. ಚಳಿಗಾಲ ಮುಗಿಯುವುದರೊಳಗೆ ಪರಾಗದ ಕಣಗಳ ಎಣಿಕೆ ಆಗದಿದ್ದರೆ ನನ್ನ ಪ್ರಬಂಧ ಅಲ್ಲಿಗೇ ನಿಂತಂತೆ.

ಆದರೆ ಸೂಕ್ಷ್ಮದರ್ಶಕ ಯಾವಾಗ ನೋಡಿದರೂ ಬೇರೆ ಯಾರದೋ ಕೈಯಲ್ಲಿ. ಮಧ್ಯಾಹ್ನ ಮೂರೂವರೆಗೆ ಸೂರ್ಯ ಮುಳುಗುತ್ತಿದ್ದ. ಹಾಸ್ಟೆಲಿನ ಅಡುಗೆಮನೆ ಹತ್ತು ಜನರದ್ದು, ಫ್ರಿಜ್ಜಿನಲ್ಲಿ ನನಗೊಂದು ಖಾನೆ. ನನ್ನ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ಅಲ್ಲಿ ಯಾರೂ ಮುಟ್ಟಲಿಲ್ಲ, ‘ಇದೇನು’ ಎಂದು ಕೇಳಲೂ ಇಲ್ಲ. ನಮ್ಮೂರು ಇಸಳೂರಿನಲ್ಲಾದರೆ ವಾಸನೆ ಹಿಡಿದೇ ನಾಲ್ಕು ಜನ ಬರುತ್ತಿದ್ದರು. ಊರಿಗೆ ಫೋನ್ ಮಾಡಿದಾಗ ಎಲ್ಲ ಚೆನ್ನಾಗಿದೆ ಎಂದು ಅಮ್ಮನಿಗೆ, ನಮ್ಮ ಮಾತಿನಲ್ಲಿ ಆಯಿಗೆ, ಸುಳ್ಳು ಹೇಳಿ, ಇಟ್ಟಮೇಲೆ ಅಳುತ್ತಿದ್ದೆ.

ಸೋಮವಾರದ ಆ ಕೂಟಕ್ಕೆ ಅವರು ‘ಫೀಕಾ’ ಎನ್ನುತ್ತಾರೆ. ಕಾಫಿ ಕುಡಿಯುತ್ತ, ದಾಲ್ಚಿನ್ನಿ ಹಾಕಿದ ಬನ್ನು ತಿನ್ನುತ್ತ ಒಟ್ಟಿಗೆ ಕೂರುವ ಹೊತ್ತು ಅದು. ಅದರ ಚೀಟಿ ನೋಟಿಸ್ ಬೋರ್ಡಿನಲ್ಲಿ ಇದ್ದದ್ದನ್ನು ನಾನೂ ನೋಡಿದ್ದೆ. ಬೋರ್ಡು ನೋಡಿಕೊಂಡು ಯಾರಾದರೂ ಊಟಕ್ಕೆ ಹೋಗುತ್ತಾರೆಯೇ? ನಮ್ಮ ಕಡೆ ಮನೆ ಬಾಗಿಲಿಗೆ ಬಂದು, ಕುಂಕುಮ ಕೊಟ್ಟು ಕರೆಯಬೇಕು. ಕರೆಯದಿದ್ದರೆ ಪಕ್ಕದ ಮನೆಯ ಕಾರ್ಯಕ್ಕೂ ಹೋಗುವ ಕ್ರಮವಿಲ್ಲ. ನನಗೂ ಬಿಗುಮಾನ ಇಲ್ಲವೇ! ಸೋಮವಾರಗಳು ಹಾಗೇ ಕಳೆದವು.

ಕೊನೆಗೆ ತಡೆಯಲಾರದೆ, ನನ್ನ ಕೋಣೆಯಲ್ಲೇ ಕೂರುತ್ತಿದ್ದ ಈವಾ ಎಂಬ ಸಂಶೋಧಕಿಯನ್ನು ಕೇಳಿದೆ, ಸೂಕ್ಷ್ಮದರ್ಶಕ ನನಗೆ ಯಾವಾಗ ಸಿಗುತ್ತದೆ ಎಂದು. ಆಕೆ ಕಣ್ಣರಳಿಸಿದಳು. ವಾರದ ಪಾಳಿ ಹಂಚುವುದೇ ಫೀಕಾದಲ್ಲಿ, ನೀನು ಬರುವುದೇ ಇಲ್ಲ, ನಮ್ಮ ಜೊತೆ ಕೂರಲು ನಿನಗೆ ಮನಸ್ಸಿಲ್ಲ ಅಂದುಕೊಂಡೆವು ಎಂದಳು.

‘ನನ್ನನ್ನು ಯಾರೂ ಕರೆಯಲಿಲ್ಲವಲ್ಲ,’ ಎಂದೆ.

‘ಯಾರು ಕರೆಯಬೇಕು?’ ಎಂದಳು ಈವಾ, ನಿಜಕ್ಕೂ ಅರ್ಥವಾಗದೆ. ‘ಅದು ನಿನ್ನದೂ ಅಲ್ಲವೇ?’

ಮುಂದಿನ ಸೋಮವಾರ ಲೋಟ ಹಿಡಿದು ಹೋದೆ. ಕದ್ದು ನುಗ್ಗುವವಳ ಹಾಗೆ ಒಳಗೆ ಕಾಲಿಟ್ಟೆ. ಯಾರೂ ತಿರುಗಿ ನೋಡಲಿಲ್ಲ. ಪ್ರೊಫೆಸರರು ಮಾತಾಡುತ್ತಲೇ ಕುರ್ಚಿ ಸರಿಸಿ ಜಾಗ ಬಿಟ್ಟರು, ಅಷ್ಟೇ. ಗುರುವಾರ ಮಧ್ಯಾಹ್ನದ ಪಾಳಿ ಸಿಕ್ಕಿತು. ಆ ಗುರುವಾರ, ಹೊರಗೆ ಹಿಮ ಬೀಳುತ್ತಿರುವಾಗ, ಗುಡ್ನಾಪುರದ ಕೆಸರಿನಲ್ಲಿ ಮತ್ತಿ ಮರದ ಪರಾಗ ಕಂಡೆ. ಖುಷಿಗೆ ಕನ್ನಡದಲ್ಲೇ ಏನೋ ಕೂಗಿದೆನಂತೆ. ಆಮೇಲೆ ಒಂದು ಸೋಮವಾರವೂ ತಪ್ಪಿಸಲಿಲ್ಲ. ಹೊರಡುವ ಮುನ್ನ ಎಣಿಕೆಯೂ ಮುಗಿಯಿತು.

ಊರಿಗೆ ಮರಳಿದ ಹೊಸತರಲ್ಲಿ, ಪಕ್ಕದ ಮನೆಯ ಸಾವಿತ್ರಕ್ಕ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಅಣಿಯಾಗುತ್ತಿದ್ದಳು. ಕರೆಯಲು ಹೊರಡುವುದು ಇನ್ನೂ ಶುರುವಾಗಿರಲಿಲ್ಲ. ಹೆಂಗಸರು ಲಾಡು ಕಟ್ಟುತ್ತಿದ್ದುದು ಕಂಡಿತು. ಸೀದಾ ಹೋಗಿ ಅವರ ನಡುವೆ ಕೂತು ನಾನೂ ಕಟ್ಟತೊಡಗಿದೆ.

ಸಾವಿತ್ರಕ್ಕನ ಮುಖ ಸಣ್ಣದಾಯಿತು. ‘ನಿಂಗಳ ಮನೆಗೆ ಇನ್ನೂ ಕರೆಯಲೆ ಬಂದ್ನಿಲ್ಲೆ. ತಪ್ಪು ತಿಳ್ಕಳಡ ಮಾರಾಯ್ತಿ,’ ಎಂದಳು. ತಪ್ಪು ನನ್ನದು, ಬೇಡಿಕೊಂಡವಳು ಅವಳು.

ಮನೆಗೆ ಬಂದರೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಕರೆಯದೆ ಹೋದದ್ದು ಹೌದೋ ಎಂದು ಆಯಿ ಕೇಳಿದಳು.

‘ಪಕ್ಕದ ಮನೆ ಅಲ್ದನೇ ಆಯಿ? ನಮ್ಮದೇ ಅಲ್ದ?’ ಎಂದೆ. ಈವಾಳ ಮಾತೇ ಬಾಯಿಗೆ ಬಂದಿತ್ತು.

‘ನಮ್ಮವು ಆದ್ದಕ್ಕೇ ಬಾಗಿಲಿಗೆ ಬಂದು ಕರೀತ, ತಂಗಿ,’ ಎಂದಳು ಆಯಿ. ‘ಹೊರಗಿನವಕ್ಕೆ ಕಾಗದ ಕಳಿಸ್ತ.’

ಮಾರನೆಯ ಬೆಳಿಗ್ಗೆ ಸಾವಿತ್ರಕ್ಕ ಕುಂಕುಮದ ಬಟ್ಟಲು ಹಿಡಿದು ಬಂದಳು. ಆಯಿಗೆ ಕೊಟ್ಟಳು, ಆಮೇಲೆ ನನ್ನ ಕಡೆ ತಿರುಗಿದಳು. ಅಂದು ಸೋಮವಾರ. ಅಲ್ಲಿ ಫೀಕಾದಲ್ಲಿ ಇವತ್ತು ನನ್ನ ಕುರ್ಚಿ ಖಾಲಿ ಇರುತ್ತದೆ, ಯಾರೂ ಕರೆಯುವುದಿಲ್ಲ. ಬಗ್ಗಿ ಕುಂಕುಮ ಹಚ್ಚಿಕೊಂಡೆ. ‘ಬತ್ತೆ,’ ಎಂದೆ.